ಕರಿ ಚುಕ್ಕೆಯ ಭಾನುವಾರ

ಗಂಗಾವತಿಯ ನಮ್ಮ ಅಕ್ಕಿ ಗಿರಣಿಗೆ ಭಾನುವಾರ ಅನ್ನುವುದೇ ಇಲ್ಲ. ರಜೆ ಅಂದರೆ ಅಮಾವಾಸ್ಯೆ, ತಿಂಗಳಿಗೊಂದು. ಅಂದು ಯಂತ್ರಗಳಿಗೆ ಪೂಜೆ, ಹಮಾಲರಿಗೆ ವಿಶ್ರಾಂತಿ. ಸಾವುಕಾರರ ಅಜ್ಜನ ಕಾಲದಿಂದ ನಡೆದು ಬಂದದ್ದಂತೆ. ಆ ಅಜ್ಜನ ಮಗಳು ಹಾಸ್ಟೆಲ್ಲಿನಲ್ಲಿ ಇದ್ದಿರಲಿಕ್ಕಿಲ್ಲ.

ನನ್ನ ವಿಜಿ ಇದ್ದಾಳೆ. ಕುಷ್ಟಗಿ ಆಚೆಗಿನ ವಸತಿ ಶಾಲೆಯಲ್ಲಿ ಆರನೆಯ ತರಗತಿ. ಅಲ್ಲಿ ಹೆತ್ತವರನ್ನು ಒಳಗೆ ಬಿಡುವುದು ತಿಂಗಳ ಎರಡನೆಯ ಭಾನುವಾರ ಮಾತ್ರ. ಅವಳಪ್ಪ ತೀರಿಕೊಂಡು ಮೂರು ವರ್ಷವಾಯಿತು, ಅವಳನ್ನು ನೋಡಲು ಹೋಗುವವಳು ನಾನೊಬ್ಬಳೇ. ನನಗೋ ಅಮಾವಾಸ್ಯೆ ಬಿಟ್ಟರೆ ಬಿಡುವಿಲ್ಲ. ಲಾರಿ ತೂಗುವ ಕಾಟಾದ ಕೋಣೆಯಲ್ಲಿ ಕೂತು ಚೀಟಿ ಹರಿದು ಕೊಡಲು ಇಡೀ ಗಿರಣಿಗೆ ನಾನೊಬ್ಬಳೇ ಅಂತೆ. ಒಂದು ಭಾನುವಾರ ಬಿಡಿ ಎಂದು ಮೂರು ಸಲ ಕೇಳಿದೆ. ಬದಲಿ ಆಳು ತಂದು ಕೂರಿಸಿ ಹೋಗು ಎಂದರು ಮ್ಯಾನೇಜರ್ ಗೋವಿಂದರಾಜ. ಕಂಪ್ಯೂಟರ್ ಬಲ್ಲ ಆಳನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗುತ್ತೇನೆಯೇ?

ದಸರೆ ರಜೆ ಮುಗಿಸಿ ಬಿಟ್ಟು ಬಂದ ಮೇಲೆ ಮಗಳ ಮುಖ ನೋಡಿಲ್ಲ. ಹೋದ ಸಲ ಫೋನಿನಲ್ಲಿ ಎಲ್ಲರ ಅವ್ವಂದಿರೂ ಬರುತ್ತಾರೆ ಎಂದು ಅತ್ತಳು. ಅವತ್ತು ಗೋಡೆಯ ಕ್ಯಾಲೆಂಡರ್ ತಿರುವಿದರೆ ಈ ತಿಂಗಳ ಎರಡನೆಯ ಭಾನುವಾರದ ಮೇಲೆಯೇ ಕರಿ ಚುಕ್ಕೆ. ಅಮಾವಾಸ್ಯೆ! ಅವಳಿಗೂ ಹೇಳಿದೆ, ನಿಮ್ಮ ಶಾಲೆಯ ಕ್ಯಾಲೆಂಡರಿನಲ್ಲಿ ನೋಡು, ಆ ಚುಕ್ಕೆಯ ದಿನ ಗಿರಣಿ ಬಂದ್, ನಾನು ಬಂದೇ ಬರುತ್ತೇನೆ ಎಂದು. ದಿನ ಎಣಿಸುತ್ತ ಇದ್ದೆವು, ಇಬ್ಬರೂ.

ಶುಕ್ರವಾರ ಸಂಜೆ ವಾಟ್ಸಾಪಿನಲ್ಲಿ ಬಂತು, ಶನಿವಾರ ಗಿರಣಿಗೆ ರಜೆ ಎಂದು. ಮ್ಯಾನೇಜರರ ಬಳಿ ಓಡಿ ಹೋಗಿ ಕೇಳಿದೆ. ಅಮಾವಾಸ್ಯೆ ಶನಿವಾರ ಮಧ್ಯಾಹ್ನವೇ ಹತ್ತುತ್ತದೆ, ಭಾನುವಾರ ಮುಂಜಾನೆ ಮುಗಿಯುತ್ತದೆ, ಪೂಜೆ ಸಂಜೆಯೇ ಆಗಬೇಕು ಎಂದು ಸಾವುಕಾರರ ಮನೆಯ ಆಚಾರ್ಯರು ಹೇಳಿದ್ದಾರಂತೆ. ಕ್ಯಾಲೆಂಡರನ್ನೇ ಕಿತ್ತು ತಂದು ತೋರಿಸಿದೆ. ಗೋವಿಂದರಾಜ ಅದರತ್ತ ನೋಡಲೂ ಇಲ್ಲ.

"ಐತವಾರ ಹನ್ನೆರಡು ಲಾರಿ ಬರ್ತಾವು. ನೀ ಬರಂಗಿಲ್ಲ ಅಂದ್ರ ಸೋಮವಾರನೂ ಬರಬ್ಯಾಡ," ಎಂದರು.

ಕ್ಯಾಲೆಂಡರ್ ಸುತ್ತಿಕೊಂಡೆ. "ಆತ್ರಿ ಸರ" ಎಂದೆ. ಬೇರೆ ಏನು ಅನ್ನಲಿ? ಈ ಕೆಲಸ ಹೋದರೆ ಮಗಳು ರಜೆಗೆ ಬಂದು ಉಣ್ಣುವುದೇನು?

ಶನಿವಾರ ಮೊದಲ ಬಸ್ಸಿಗೇ ಹತ್ತಿದೆ. ಕನಕಗಿರಿ, ತಾವರಗೇರಿ ದಾಟುವಷ್ಟರಲ್ಲಿ ನೂರು ಸಲ ಕೈ ಮುಗಿದಿದ್ದೆ. ಶಾಲೆಯ ಗೇಟು ಕಾಯುವ ನೂರಸಾಬ ಒಳ್ಳೆಯ ಮನುಷ್ಯ, ಎರಡು ಸಲ ಒಳಗೆ ಹೋಗಿ ಕೇಳಿ ಬಂದ. ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆ, ನಾಳೆ ಬರಲಿ ಎಂದರಂತೆ ಹೆಡ್ಮಾಸ್ತರರು. ಗೇಟಿನ ಸಂದಿಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ಅಷ್ಟು ದನಿಗಳಲ್ಲಿ ನನ್ನ ಕೂಸಿನ ದನಿ ಯಾವುದು ಎಂದು ಗೊತ್ತಾಗಲಿಲ್ಲ. ಮಧ್ಯಾಹ್ನದವರೆಗೆ ನಿಂತೆ, ಅತ್ತೆ. ನಾಳೆ ಬರಲಾರೆ, ಇವತ್ತು ಬಂದದ್ದು ಅವಳಿಗೆ ಹೇಳಬೇಡ ಎಂದು ನೂರಸಾಬನನ್ನು ಬೇಡಿಕೊಂಡೆ.

"ನಾಳಿ ನನ್ನ ಫೋನಿನ್ಯಾಗ ಮಾತಾಡಸ್ತೀನಿ, ಅಳಬ್ಯಾಡ್ರಿ ಯವ್ವಾ," ಎಂದ ನೂರಸಾಬ.

ಭಾನುವಾರ ಹನ್ನೊಂದಕ್ಕೆ ಫೋನು ಬಂತು. ಕಾಟಾದ ಮೇಲೆ ಐದನೆಯ ಲಾರಿ ನಿಂತಿತ್ತು.

"ಯವ್ವಾ, ಎಲ್ಲಿ ಅದೀ? ನಾ ಗೇಟಿಗೆ ಬಂದು ನಿಂತೀನಿ. ಎರಡು ಜಡಿ ಹಾಕ್ಕೊಂಡೀನಿ."

ನಿಜ ಹೇಳಬೇಕಿತ್ತು.

"ಬಸ್ಸಿನ್ಯಾಗ ಅದೀನವ್ವಾ, ತಾವರಗೇರಿ ದಾಟೀನಿ," ಎಂದುಬಿಟ್ಟೆ.



"ಇವತ್ತ ಕರಿ ಚುಕ್ಕಿ ಐತಲ್ಲವ್ವಾ," ಎಂದಳು ಮೆಲ್ಲಗೆ. "ಹಂಗಾದ್ರ ಗಿರಣಿ ಸಪ್ಪಳ ಯಾಕ ಕೇಳಾಕತ್ತೈತಿ?"

ಫೋನನ್ನು ಅಂಗೈಯಿಂದ ಮುಚ್ಚಿದೆ. ಹೊರಗೆ ಲಾರಿಯವನು ಚೀಟಿಗಾಗಿ ಹಾರ್ನ್ ಹೊಡೆದ. ಕೈ ತೆಗೆದಾಗ ಅವಳು ಫೋನು ಇಟ್ಟಿರಲಿಲ್ಲ, ಇನ್ನೂ ಕೇಳಿಸಿಕೊಳ್ಳುತ್ತಿದ್ದಳು.