ಸಿಸ್ಟರ್ ಎರಡನೇ ಸಲ ಬಂದಾಗ

ತಂಗಡಗಿಯ ರಾಜಬಿಗೆ ಒಬ್ಬಳೇ ಮಗಳು, ಅಫ್ರೀನ. ಒಂಬತ್ತನೇ ತರಗತಿ. ಮಾತಿಗೆ ನಿಂತರೆ ಕೇಳುವವರು ಸುಸ್ತಾಗಬೇಕು, ಅಂಥ ಹುಡುಗಿ! ಅಜ್ಜಿ ರೋಷನಬಿ ತೀರಿಕೊಂಡ ಮೇಲೆ ಆ ಬಾಯಿಗೆ ಬೀಗ ಬಿದ್ದಿತು. ಊಟ ಸೇರದು, ನಿದ್ದೆ ಹತ್ತದು. ಶಾಲೆಯ ಚೀಲ ಮೂಲೆ ಸೇರಿ ತಿಂಗಳಾಯಿತು.

ಊರ ಬಾಯಿ ಸುಮ್ಮನಿದ್ದೀತೇ? ಕೆಲವರು ಗಾಳಿ ಸೋಕಿದೆ ಎಂದರು, ಕೆಲವರು ಸೊಕ್ಕು ಎಂದರು. "ಸಾಲಿ ಬಿಡಿಸಿಬಿಡೂಣು" ಎಂದ ಅಪ್ಪ ಚಮನಸಾಬ. ಒಂದು ಮುಂಜಾನೆ ಹುಡುಗಿ ತಾಟಿನ ಮುಂದೆ ಕುಳಿತು, "ನಾ ಇದ್ದು ಏನ್ ಮಾಡೂದೈತಿ ಅಮ್ಮಾ?" ಎಂದುಬಿಟ್ಟಳು. ಅವತ್ತಿನಿಂದ ರಾಜಬಿ ಮಗಳನ್ನು ಒಬ್ಬಳನ್ನೇ ಬಿಡಲಿಲ್ಲ.

ಆಗಲೇ ಆರೋಗ್ಯ ಕೇಂದ್ರದ ನರ್ಸ್ ವಿದ್ಯಾವತಿ ಮತ್ತೆ ಬಾಗಿಲಿಗೆ ಬಂದದ್ದು. ಹಿಂದೊಮ್ಮೆ ಬಂದಾಗ ಕುರ್ಚಿ ಎಳೆದುಕೊಂಡು, ಕಾಗದ ಹಿಡಿದು ಪಟಪಟ ಪ್ರಶ್ನೆ ಕೇಳಿದ್ದಳು. ಹುಡುಗಿಯ ತೋಳಿನ ತಾಯತ ನೋಡಿ, "ಈ ಕಾಲದಾಗೂ ಇದೇನ್ರಿ? ಮೊದಲ ಬಿಚ್ರಿ" ಎಂದಿದ್ದಳು. ಅಫ್ರೀನ ತೋಳು ಮುಚ್ಚಿಕೊಂಡು ಒಳಗೆ ಓಡಿದ್ದಳು. ರಾಜಬಿ ಸಿಸ್ಟರ್‌ಗೆ ಬಾಗಿಲು ತೋರಿಸಿದ್ದಳು.

"ಈಗ ಏನ್ ಬಿಚ್ಚಿಸಾಕ ಬಂದ್ರಿ?" ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದ ರಾಜಬಿ ತಲೆಯನ್ನೂ ಎತ್ತಲಿಲ್ಲ.

"ತಪ್ಪಾತ್ರಿ ಅಂತ ಹೇಳಾಕ ಬಂದೇನಿ" ಎಂದಳು ವಿದ್ಯಾವತಿ. "ಬಾಗೇವಾಡ್ಯಾಗ ನಮಗ ತರಬೇತಿ ಆತು. ಇಂಡಿ, ಸಿಂದಗಿ ಕಡಿಯವ್ರೂ ಬಂದಿದ್ರು. ಮಕ್ಕಳ ಮನಸಿನ ಬ್ಯಾನಿ ಹೆಂಗ ಕೇಳಬೇಕಂತ ಕಲಿಸಿದ್ರು. ಮನಿಯವರ ನಂಬಿಕಿ ಮುರದು ಕೂಸಿನ ಹತ್ರ ಹೋಗಾಕ ಆಗೂದಿಲ್ಲಂತ ಅಲ್ಲಿ ತಿಳೀತು."

"ನನ್ನ ಮಗಳಿಗೆ ಹುಚ್ಚು ಅಂತೀರೇನು?"

"ಅಯ್ಯ, ಹುಚ್ಚಲ್ರಿ! ಮೈಗೆ ಜ್ವರ ಬಂದಂಗ ಮನಸಿಗೂ ಬ್ಯಾನಿ ಬರತೈತಿ. ಆರೈಕಿ ಮಾಡಿದ್ರ ಕಡಿಮಿ ಆಗತೈತಿ."

ಅಬ್ಬಾ, ಸರಕಾರಿ ನೌಕರಿಯವರು ಹೊಸ್ತಿಲಲ್ಲಿ ನಿಂತು ತಪ್ಪೊಪ್ಪಿಕೊಳ್ಳುವುದೆಂದರೆ ಸಣ್ಣ ಮಾತೇ! ರಾಜಬಿ ಕೌದಿಯ ಒಂದು ಅಂಚನ್ನು ಅವಳತ್ತ ಸರಿಸಿದಳು. ವಿದ್ಯಾವತಿ ನೆಲದ ಮೇಲೆ ಕುಳಿತು ಸೂಜಿ ಹಿಡಿದಳು. ಹೊಲಿಗೆಯೋ, ದೇವರಿಗೇ ಪ್ರೀತಿ! ಬಾಗಿಲ ಮರೆಯಲ್ಲಿದ್ದ ಅಫ್ರೀನಳಿಗೆ ತಡೆಯಲಾಗಲಿಲ್ಲ. "ಹಂಗಲ್ರಿ, ಹಿಂಗ" ಎಂದು ಬಂದು ಕುಳಿತಳು. ಎಷ್ಟು ದಿನದ ಮೇಲೆ ಕೇಳಿದ ದನಿ ಅದು.

ಸಿಸ್ಟರ್ ಅವಸರ ಮಾಡಲಿಲ್ಲ. ಎರಡು ಸಾಲು ಹೊಲಿದ ಮೇಲೆ ಕೇಳಿದಳು: "ಈ ತಾಯತ ಯಾರು ಕಟ್ಟಿದ್ರವ್ವಾ?"

"ಆಯಿ ಕಟ್ಟಿದಳ್ರಿ, ಪರೀಕ್ಷಾಕ್ಕ ಹೊಂಟಾಗ." ಅಜ್ಜಿಯ ನೆನಪಿಗೆ ಹುಡುಗಿಯ ಕಣ್ಣು ತುಂಬಿತು. "ಇನ್ನೊಂದೀಟು ಕುಂಡ್ರು ಅಂದಳು. ತಡಾ ಆಗತೈತಂತ ಓಡಿ ಹೋದೆ. ನಾ ಬರೂದ್ರಾಗ ಆಯಿ ಇರಲಿಲ್ಲ. ನಾ ಕುಂತಿದ್ರ ಉಳೀತಿದ್ಳೇನೋ..."

ಇದನ್ನೆಲ್ಲ ಒಳಗೊಳಗೇ ನುಂಗಿಕೊಂಡಿತ್ತೇ ಈ ಕೂಸು! ರಾಜಬಿ ಮಗಳನ್ನು ಬಾಚಿ ತಬ್ಬಿಕೊಂಡು ಅತ್ತಳು.

ಆಮೇಲೆ ಸಿಸ್ಟರ್ ತಾಯಿಯ ಒಪ್ಪಿಗೆ ಪಡೆದು, ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಸಾಯುವ ಯೋಚನೆ ಬರುತ್ತದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಿದಳು. ಒಮ್ಮೊಮ್ಮೆ ಬರುತ್ತದೆ ಎಂದಳು ಅಫ್ರೀನ. ಇನ್ನು ತಡಮಾಡದೆ ಮುದ್ದೇಬಿಹಾಳದ ದವಾಖಾನೆಗೆ ಹೋಗಬೇಕು ಎಂದಳು ಸಿಸ್ಟರ್.

"ದವಾಖಾನಿಗೆ ಒಯ್ದರ ಮಂದಿ ಏನಂದಾರು?" ಸುದ್ದಿ ತಿಳಿದು ಬಂದ ಚಮನಸಾಬ ಅಳುಕಿದ.

"ಮಂದಿ ಮಾತು ಹೆಚ್ಚೋ, ಮಗಳ ಜೀವ ಹೆಚ್ಚೋ?" ರಾಜಬಿ ಸಿಡಿದಳು.

"ಮತ್ತ ತಾಯತ?" ಎಂದ ಚಮನಸಾಬ.

"ಅದೂ ಇರ್ಲಿ ಅಣ್ಣಾರ, ಡಾಕ್ಟರೂ ನೋಡ್ಲಿ" ಎಂದಳು ವಿದ್ಯಾವತಿ. ಅವತ್ತೇ ನಾಲ್ವರೂ ಮುದ್ದೇಬಿಹಾಳದ ಬಸ್ಸು ಹತ್ತಿದರು.

ಒಂದೇ ದಿನಕ್ಕೆ ವಾಸಿಯಾಗಲಿಲ್ಲ. ಡಾಕ್ಟರು, ಸಿಸ್ಟರು, ಮನೆಯವರು, ಎಲ್ಲರೂ ಕೈ ಹಚ್ಚಿದರು. ಈಗ ಅಫ್ರೀನ ಶಾಲೆಗೆ ಹೋಗುತ್ತಾಳೆ, ತೋಳಲ್ಲಿ ತಾಯತ ಕಟ್ಟಿಕೊಂಡೇ. ಕೌದಿಯೂ ಮುಗಿದಿದೆ. ಸಿಸ್ಟರ್ ಹಾಕಿದ ಸೊಟ್ಟ ಹೊಲಿಗೆಯನ್ನು ರಾಜಬಿ ಬಿಚ್ಚಹೊರಟಾಗ ಅಫ್ರೀನ ಅವಳ ಕೈ ಹಿಡಿದಳು.

"ಅದನ್ನ ಬಿಚ್ಚಬ್ಯಾಡ ಅಮ್ಮಾ. ಅದರಿಂದನ ನಾ ಮಾತಾಡಿದ್ದು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ಮಾತು ಬಿಟ್ಟಿದೆಯೇ? ಬೈಯಬೇಡಿ, ಮುಚ್ಚಿಡಬೇಡಿ. ಪಕ್ಕ ಕುಳಿತು ಕೇಳಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ಇಲ್ಲವೇ ಮನಸ್ಸಿನ ಬೇನೆಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಮನೆಬಾಗಿಲಿಗೆ ಬರುವ ಸಿಸ್ಟರೇ, ಡಾಕ್ಟರೇ, ಮಾಸ್ತರರೇ, ನಿಮಗೂ ಒಂದು ಮಾತು: ಕಾಗದ ಆಮೇಲೆ ತೆಗೆಯಿರಿ, ಮೊದಲು ನೆಲದ ಮೇಲೆ ಕುಳಿತುಕೊಳ್ಳಿ.