ಅತ್ತೆ ಎಂಬ ಚೌಕ

ಪರದೆಯ ಎಡಕ್ಕೆ ಲ್ಯಾಬ್ ಎಂಬ ಚೌಕ, ಬಲಕ್ಕೆ ವಾರ್ಡ್ ಎಂಬ ಚೌಕ. ಮೌಸ್ ಹಿಡಿದು ಅಲ್ಲಿಂದ ಇಲ್ಲಿಗೊಂದು ಗೆರೆ ಎಳೆದರೆ ಮುಗಿಯಿತು, ಆಸ್ಪತ್ರೆಯ ರಕ್ತಪರೀಕ್ಷೆಯ ವರದಿಗಳು ಲ್ಯಾಬಿನ ಕಂಪ್ಯೂಟರಿನಿಂದ ವಾರ್ಡಿನ ಕಂಪ್ಯೂಟರಿಗೆ ತಾವಾಗಿಯೇ ಹೋಗುತ್ತವೆ. ಆದರೆ ಈ ಜೋಡಣೆ ಮಾಡಲು ಬಂದಿದ್ದ ಇಂಜಿನಿಯರಮ್ಮ ಗೆರೆಯನ್ನು ನೆಟ್ಟಗೆ ಎಳೆದಿರಲಿಲ್ಲ. ನಡುವೆ ಕೆಳಗಿಳಿಸಿ, ಇನ್ನೊಂದು ಚೌಕದೊಳಗೆ ಹಾಯಿಸಿ, ಮತ್ತೆ ಮೇಲಕ್ಕೆ ಹತ್ತಿಸಿದ್ದಳು. ಆ ಚೌಕದ ಹೆಸರು ‘ಅತ್ತೆ’.

“ಏನಮ್ಮಾ ಇದು?” ಅವಳ ಕಂಪನಿಯ ಮ್ಯಾನೇಜರ್ ಕನ್ನಡಕ ಏರಿಸಿದರು.

“ಹೆಸರಿನ ಜೊತೆ ರೋಗಿ ನಂಬರ್, ಹುಟ್ಟಿದ ತಾರೀಖು ಹೊಂದುತ್ತಾ ಅಂತ ನೋಡುತ್ತೆ ಸಾರ್. ಹೊಂದದಿದ್ರೆ ವರದಿ ಮುಂದೆ ಹೋಗಲ್ಲ, ನರ್ಸ್ ಹತ್ರ ವಿಚಾರಣೆಗೆ ಬರುತ್ತೆ. ಎರಡು ಸಲ ಕೇಳದೆ ಯಾರನ್ನೂ ಬಿಡಲ್ಲ, ಅದಕ್ಕೇ ಆ ಹೆಸರು.”

ಹೆಸರಿಗೆ ಇನ್ನೊಂದು ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ, ಅವಳ ಅತ್ತೆಯದೇ ಹೆಸರಿದ್ದ ಇನ್ನಾರದೋ ವರದಿ ಅತ್ತೆಯ ಮಂಚಕ್ಕೆ ಬಂದಿತ್ತು. ಇಲ್ಲದ ಕಾಯಿಲೆಗೆ ಹನ್ನೊಂದು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಆಕೆಯ ಕಿವಿ ಮಂದವಾಯಿತು. ಅಂದಿನಿಂದ ಯಾರು ಏನು ಹೇಳಿದರೂ ಆಕೆ ಎರಡು ಸಲ ಕೇಳುತ್ತಾರೆ. ಸೊಸೆಗೆ ಮೊದಮೊದಲು ರೇಗುತ್ತಿತ್ತು. ಈಗಲೂ ರೇಗುತ್ತದೆ, ಆದರೆ ಅತ್ತೆಯ ಮೇಲಲ್ಲ.

“ನಾಳೆ ಸಭೆಯಲ್ಲಿ ಆಸ್ಪತ್ರೆಯ ದೊಡ್ಡವರ ಮುಂದೆ ಈ ಚಿತ್ರ ತೋರಿಸ್ಬೇಕು. ಈ ಸೊಟ್ಟಗೆರೆ ನೋಡಿದ್ರೆ ನಗ್ತಾರೆ. ತೆಗೆದುಬಿಡಿ.”

“ತೆಗೆಯಲ್ಲ,” ಅವಳು ಕಡ್ಡಿ ಮುರಿದಂತೆ ಹೇಳಿದಳು.

“ಹಿಡಿದ ಮೊಲಕ್ಕೆ ಮೂರೇ ಕಾಲು ಅಂತೀರಲ್ಲಮ್ಮ.”

“ಕಾಲು ಎಷ್ಟಾದ್ರೂ ಇರಲಿ ಸಾರ್. ಅದು ಯಾರ ಮೊಲ ಅಂತ ಕೇಳೋದಷ್ಟೇ ಈ ಚೌಕದ ಕೆಲಸ.”

ಮ್ಯಾನೇಜರರ ಮುಖ ಕೆಂಪಗಾಯಿತು. ಮೌಸ್ ಕಿತ್ತುಕೊಂಡು ತಾವೇ ಚೌಕ ಅಳಿಸಿದರು, ಗೆರೆ ನೆಟ್ಟಗೆ ಎಳೆದರು. ಸುಳ್ಳೇಕೆ, ಚಿತ್ರ ಚೆನ್ನಾಗಿಯೇ ಕಂಡಿತು. ಉಳಿಸಲು ಒತ್ತಿದಾಗ ಪುಟ್ಟದೊಂದು ಕಿಟಕಿ ತೆರೆಯಿತು: ಬದಲಾಯಿಸಿದವರು ಯಾರು? ಏಕೆ?

“ನಿಮ್ಮ ಹೆಸರು ಹಾಕಿ.”

“ಅಳಿಸಿದ್ದು ನಾನಲ್ಲ ಸಾರ್.” ಅವಳು ಕೀಬೋರ್ಡನ್ನು ಅವರತ್ತ ತಳ್ಳಿದಳು. “ನಿಮ್ಮ ಹೆಸರೇ ಬರೀರಿ. ಕಾರಣ, ‘ಚಿತ್ರ ಚೆಂದ ಕಾಣಲಿ’ ಅಂತ ಬರೀರಿ. ನಾಳೆ ಯಾರದೋ ವರದಿ ಯಾರಿಗೋ ಹೋದ್ರೆ, ಯಾರನ್ನ ಕೇಳಬೇಕು ಅಂತ ಗೊತ್ತಿರಲಿ.”

ಮ್ಯಾನೇಜರ್ ತಮ್ಮ ಹೆಸರಿನ ಮೊದಲಕ್ಷರ ಒತ್ತಿದರು. ಅದನ್ನೇ ನೋಡುತ್ತ ಕೂತರು. ಆಮೇಲೆ ಅಳಿಸಿ, ‘ಬೇಡ’ ಎಂಬಲ್ಲಿ ಒತ್ತಿದರು. ನೆಟ್ಟಗೆರೆ ಮಾಯವಾಗಿ ಸೊಟ್ಟಗೆರೆ ತನ್ನ ಚೌಕದೊಂದಿಗೆ ಮರಳಿ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇಲ್ಲಿ ಇಬ್ಬರ ಕಾಲವೂ ಒಟ್ಟಿಗೇ ಬಂದಿತ್ತು.

ಬಾಗಿಲವರೆಗೆ ಹೋದ ಮ್ಯಾನೇಜರ್ ತಿರುಗಿ ನಿಂತರು. “ನಾಳೆ ಸಭೆಗೆ ನೀವು ಬರೋದು ಬೇಡ.”

“ಆಯ್ತು ಸಾರ್,” ಎಂದಳು ಸೊಸೆ. “ಅತ್ತೆ ಬರ್ತಾರೆ.”