ನನ್ನನ್ನು ದಾಟಿದ ಕಾಲು

ನಾನು ಒಂದು ಒನಕೆ. ಅರಸನ ಕತ್ತಿಯೋ ಕಿರೀಟವೋ ಬಾಯಿ ಬಿಟ್ಟಿದ್ದರೆ ಓಡಿ ಬರುತ್ತಿದ್ದಿರಿ, ಗೊತ್ತು ಬಿಡಿ. ಆದರೂ ಸ್ವಲ್ಪ ಕೇಳಿ.

ಸುಮೇರ್ ದೇಶದ ಉರ್ ನಗರದಲ್ಲಿ, ಕಾಲುವೆ ದಂಡೆಯ ಮರದಿಂದ ಬಡಗಿಯೊಬ್ಬ ನನ್ನನ್ನು ಕೆತ್ತಿದ. ಶಾತು ಎಂಬ ವಿಧವೆ ಕೊಂಡುಕೊಂಡಳು. ಬಾರ್ಲಿಯ ಮದ್ಯ ಮಾಡಿ ಮಾರುವುದು ಅವಳ ಕಸುಬು, ಮೊಳಕೆ ಬಾರ್ಲಿ ಕುಟ್ಟುವುದು ನನ್ನ ಪಾಡು. ಮೈಯೆಲ್ಲ ನೋಯುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ವಾಸನೆ ಹಿತವಾಗಿತ್ತು.

ನಮ್ಮ ನಾಡಿನಲ್ಲಿ ಒನಕೆಗೆ ಇನ್ನೊಂದು ಕೆಲಸವೂ ಇತ್ತು. ಆಳನ್ನು ಮಾರುವಾಗ ನೆಲದ ಮೇಲೆ ಒನಕೆಯನ್ನು ಅಡ್ಡ ಇಡುತ್ತಿದ್ದರು. ಮಾರಾಟವಾದವರು ಸಾಕ್ಷಿಗಳ ಎದುರು ಅದನ್ನು ದಾಟಬೇಕು. ದಾಟಿದರೆ ಮುಗಿಯಿತು, ಆ ಜೀವ ಬೇರೆಯವರ ಸೊತ್ತು.

ಪಕ್ಕದ ಮನೆಯ ಲುಗಿನ ಒಂದು ದಿನ ಬಾರ್ಲಿ ಕುಟ್ಟಬೇಕೆಂದು ಶಾತುವಿನ ಹತ್ತಿರ ಕೇಳಿ ನನ್ನನ್ನು ಒಯ್ದ. ಒಯ್ದವನು ಅಂಗಳದಲ್ಲಿ ಅಡ್ಡ ಮಲಗಿಸಿದ! ತೀರಿಹೋದ ಅಣ್ಣನ ಮಗಳು ನಿನ್‌ಕಲ್ಲಳನ್ನು ವರ್ತಕನೊಬ್ಬನಿಗೆ ಮಾರುತ್ತಿದ್ದ, ಪಾಪಿ. ಹುಡುಗಿಗೆ ಜ್ವರ, ಕಾಲು ನಿಲ್ಲುತ್ತಿರಲಿಲ್ಲ. ದೋಣಿ ಹೊರಡುತ್ತದೆಂದು ವರ್ತಕ ಅವಸರಪಡಿಸಿದ. ಲುಗಿನ ಅವಳನ್ನು ಎತ್ತಿಕೊಂಡು ನನ್ನನ್ನು ದಾಟಿದ.

ಅದೇ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಶಾತು ಬಂದಳು. ಅವನು ದಾಟಿದ್ದನ್ನು ಬಾಗಿಲಲ್ಲೇ ನಿಂತು ಕಣ್ಣಾರೆ ನೋಡಿದಳು. ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಹುಡುಗಿಯನ್ನು ಹಿಡಿದು ಪಟ್ಟು ಬಿಡಲಿಲ್ಲ. ಕೊನೆಗೆ ಎಲ್ಲರೂ ಗುಡಿಯ ಬಾಗಿಲಿಗೆ, ನ್ಯಾಯ ಹೇಳುವವರ ಮುಂದೆ ಹೋದೆವು.

ತಬ್ಬಲಿಯನ್ನು ಉಳ್ಳವರ ಕೈಗೆ ಕೊಡಬಾರದೆಂದು ಅರಸನೇ ಸಾರಿದ್ದಾನೆ ಎಂದಳು ಶಾತು. ಸಾಕುವವನು ನಾನು, ಮಾರಿದ್ದೂ ಪದ್ಧತಿಯಂತೆಯೇ ಎಂದ ಲುಗಿನ. ಅರಸನ ಹೆಸರಿನಲ್ಲಿ ಆಣೆ ಮಾಡಿಸಿ ನ್ಯಾಯಾಧೀಶ ಶಾತುವನ್ನು ಕೇಳಿದ:

"ಒನಕೆ ದಾಟುವಾಗ ಹುಡುಗಿಯ ಕಾಲು ನೆಲದ ಮೇಲಿತ್ತೇನಮ್ಮ?"

"ಇಲ್ಲ ಸ್ವಾಮಿ. ದಾಟಿದ್ದು ಇವನ ಕಾಲು."

ನ್ಯಾಯಾಧೀಶ ವರ್ತಕನತ್ತ ತಿರುಗಿದ. "ಹಾಗಾದರೆ ನಿನಗೆ ಬಂದವನು ಇವನು. ಕರ್ಕೊಂಡು ಹೋಗ್ತೀಯಾ?"

ಲುಗಿನನ ಮುಖ ನೋಡಬೇಕಿತ್ತು ನೀವು. ವರ್ತಕ ತನ್ನ ಬೆಳ್ಳಿಯನ್ನು ವಾಪಸ್ಸು ಪಡೆದು ದೋಣಿ ಹತ್ತಿದ. ಮಾರಾಟ ಬಿದ್ದುಹೋಯಿತು. ಹುಡುಗಿಯನ್ನು ಶಾತುವಿಗೆ ಒಪ್ಪಿಸಿದರು.

ನಿನ್‌ಕಲ್ಲ ನನ್ನಿಂದಲೇ ಕುಟ್ಟಲು ಕಲಿತಳು. ಆದರೆ ಒಮ್ಮೆಯೂ ನನ್ನನ್ನು ನೆಲಕ್ಕೆ ಮಲಗಿಸಲಿಲ್ಲ, ಕೆಲಸ ಮುಗಿದೊಡನೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದಳು. ಶಾತು ತೀರಿಕೊಂಡಳು. ಅವತ್ತು ನನಗೂ ಅಳು ಬಂತು, ಒನಕೆಯಾದರೇನು? ನಿನ್‌ಕಲ್ಲಳಿಗೆ ಮದುವೆಯಾಯಿತು, ಮಕ್ಕಳಾದವು. ನನ್ನ ತಲೆ ಸೀಳಿತು.

ಒಲೆಗೆ ಹಾಕೋಣವೆಂದ ಅವಳ ಗಂಡ. ಅವಳು ಒಪ್ಪಲಿಲ್ಲ, ತಾನೇ ಬಾಗಿಲಲ್ಲಿ ಮಣ್ಣು ತೋಡಿ ನನ್ನನ್ನು ಹೊಸ್ತಿಲಾಗಿ ಕೂರಿಸಿದಳು.

ಈಗ ಅವಳ ಮಕ್ಕಳು ದಿನವಿಡೀ ಕುಣಿಯುತ್ತ ನನ್ನನ್ನು ದಾಟುತ್ತವೆ, ಯಾರ ಸೊತ್ತೂ ಆಗುವುದಿಲ್ಲ. ನಿನ್‌ಕಲ್ಲ ಮಾತ್ರ ಇವತ್ತಿಗೂ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ನನ್ನನ್ನು ನೋಡುತ್ತಾಳೆ. ಆಮೇಲೆ ತನ್ನ ಕಾಲಿನಿಂದಲೇ ದಾಟಿ ತನ್ನ ಮನೆಯೊಳಗೆ ಹೋಗುತ್ತಾಳೆ.